ಬೋಟಿನಿಂದ ಬಸ್ಸಿಗೆ

ಎರ್ನಾಕುಲಂನ ಕಚೇರಿಯಲ್ಲಿ ನಾನು ಮೊದಲ ಸಲ ಬಾಯಿ ತೆರೆದಾಗ ಅಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಊಟದ ಹೊತ್ತಿಗೆ ಎದ್ದು ಹೊರಟಿದ್ದ ಪಕ್ಕದ ಮೇಜಿನ ಲೀಲಾ ಚೇಚಿಯನ್ನು, ಅಂದರೆ ಲೀಲಕ್ಕನನ್ನು, "ಏಡ ಪೋನ್ನ್?" ಎಂದು ಕೇಳಿದ್ದೆ, ಅಷ್ಟೆ. ಎಲ್ಲಿಗೆ ಹೋಗುವುದು ಎಂದು ಅದರ ಅರ್ಥ; ತೆಂಕಿನವರು ‘ಎವಿಡೆ’ ಎನ್ನುವಲ್ಲಿ ನಮ್ಮ ಕಡೆ ‘ಏಡ’. ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ ಚಿಕ್ಕಂದಿನಿಂದ ಕಿವಿಗೆ ಬಿದ್ದು ಕಲಿತ ಮಲಯಾಳ ಅದು. ನಗು ಕೇಳಿ ಮುಖ್ಯಸ್ಥರಾದ ಕುರುಪ್ ಸಾರ್ ಕೋಣೆಯಿಂದ ಹೊರಬಂದರು. "ಇದು ಯಾವ ಭಾಷೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಮಲಯಾಳಂ ಸಾರ್" ಎಂದೆ. ಮತ್ತೊಮ್ಮೆ ಎಲ್ಲರೂ ನಕ್ಕರು. ಆ ದಿನದಿಂದ ನಾನು ಕಚೇರಿಯಲ್ಲಿ ಮಾತಾಡುವುದನ್ನೇ ಕಡಿಮೆ ಮಾಡಿದೆ. ಮಾತಾಡದವಳಿಗೆ ಬಹಳ ಜಂಬ ಎಂದು ಹೆಸರಾಯಿತು.

ನಾನು ಪರದೇಶಕ್ಕೆ ಹೋದೆ ಎನ್ನುವಂತೆ ಊರಿನವರು ಈಗಲೂ ಮಾತಾಡುತ್ತಾರೆ. ಹೋದದ್ದು ನನ್ನದೇ ರಾಜ್ಯದ ಇನ್ನೊಂದು ಊರಿಗೆ. ರಾಜ್ಯಗಳನ್ನು ಭಾಷೆಯ ಪ್ರಕಾರ ಹಂಚಿದಾಗ ನಾವು ಇದ್ದಲ್ಲೇ ಇದ್ದೆವು, ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಕನ್ನಡ ಶಾಲೆಯಲ್ಲಿ ಕಲಿತು, ಮಂಗಳೂರಿನಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಮುಗಿಸಿದ ನನಗೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಿಂದ ಕರೆ ಬಂದದ್ದು ಎರ್ನಾಕುಲಂಗೆ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಗರ ಯೋಜನೆಯ ಕಚೇರಿಯೊಂದರಲ್ಲಿ ರಸ್ತೆ, ಚರಂಡಿ, ಬಸ್ ನಿಲ್ದಾಣಗಳ ನಕ್ಷೆ ಬರೆಯುವ ತಾತ್ಕಾಲಿಕ ಕೆಲಸ. ಆ ‘ತಾತ್ಕಾಲಿಕ’ ಎಂಬ ಮಾತು ಮೂರು ಹೊತ್ತೂ ನನ್ನ ಜೊತೆ ಕೂತು ಉಣ್ಣುತ್ತಿತ್ತು.

ಅಪ್ಪ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮದುವೆಯಾಗದ ಹುಡುಗಿಯನ್ನು ಒಬ್ಬಳೇ ಕಳಿಸುವುದು ಹೇಗೆ ಎಂದು ದೊಡ್ಡಮ್ಮ ತಡೆದರು. ಅಮ್ಮ ತಾನೂ ಜೊತೆಗೆ ಹೋಗುವುದೆಂದು ತೀರ್ಮಾನಿಸಿ, "ನನಗೆ ಅಲ್ಲಿ ಎಂತ ಉಂಟು ಅಂತ ಕೇಳ್ತೀಯಲ್ಲ ಅಕ್ಕ, ಇವಳಿಗೆ ಇಲ್ಲಿ ಎಂತ ಉಂಟು?" ಎಂದಳು. ಮರುದಿನವೇ ಟ್ರಂಕು ತುಂಬಿದಳು.

ಊರಿನಲ್ಲಿ ಮನೆ ಎಲ್ಲೆಂದು ಕೇಳುವ ಮೊದಲು ಯಾರ ಮಗಳು ಎಂದು ಕೇಳುತ್ತಾರೆ. ಎರ್ನಾಕುಲಂನಲ್ಲಿ ಬಾಡಿಗೆಗೆ ಮನೆ ಹುಡುಕಿದಾಗ ಗಂಡಸರು ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದರೆ ಬಾಡಿಗೆ ಹೆಚ್ಚುತ್ತಿತ್ತು, ಇಲ್ಲವೇ ಬಾಗಿಲು ಮುಚ್ಚುತ್ತಿತ್ತು. ಕೊನೆಗೆ ಲೀಲಾ ಚೇಚಿಯ ಗುರುತಿನಿಂದ ಕಾಯಲಿನ, ಅಂದರೆ ಹಿನ್ನೀರಿನ, ಆಚೆ, ವೈಪಿನ್ ದ್ವೀಪದಲ್ಲಿ, ತ್ರೇಸ್ಯಾ ಚೇಡತ್ತಿಯ ಮನೆಯ ಅರ್ಧ ಭಾಗ ಸಿಕ್ಕಿತು. ಕ್ರೈಸ್ತರಲ್ಲಿ ಹಿರಿಯ ಹೆಂಗಸನ್ನು ಚೇಡತ್ತಿ ಎಂದು ಕರೆಯುತ್ತಾರೆ. ಆಕೆ ಸೀಗಡಿ ಸುಲಿಯುವ ಶೆಡ್ಡಿಗೆ ಹೋಗುವ ವಿಧವೆ. "ಇಬ್ಬರೂ ಹೆಂಗಸರೇ? ನಾನೂ ಹೆಂಗಸೇ. ಬಂದುಬಿಡಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ದ್ವೀಪಕ್ಕೆ ಆಗ ಸೇತುವೆ ಇರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಬೋಟು. ಅಮ್ಮ ಹೆದರುತ್ತಾಳೋ ಎಂದು ನಾನು ಹೆದರಿದ್ದೆ. ಅವಳು ಮಾತ್ರ ಸೆರಗು ಸಿಕ್ಕಿಸಿ, ಹಲಗೆಯ ಮೇಲೆ ನಡೆದು, ಕಿಟಕಿಯ ಪಕ್ಕದ ಬೆಂಚು ಹಿಡಿದು ಕೂತಳು. ಅವಳ ತವರುಮನೆ ಶಿರಿಯ ಹೊಳೆಯ ಆಚೆ ದಡದಲ್ಲಿ. ಹುಟ್ಟಿದಾಗಿನಿಂದ ದೋಣಿ ಹತ್ತಿ ಇಳಿದವಳು. "ನೀರು ನೀರೇ ಅಲ್ವಾ?" ಎಂದಳು.

ಅಡಿಗೆಯಲ್ಲಿ ನಮಗೆ ಅಂಥ ಕಷ್ಟವಾಗಲಿಲ್ಲ. ಕುಚ್ಚಲಕ್ಕಿ ಅದೇ, ತೆಂಗಿನೆಣ್ಣೆ ಅದೇ. ಮೀನಿನ ಸಾರಿಗೆ ಅವರು ಹುಣಸೆಯ ಬದಲು ಕೊಡಂಪುಳಿ ಹಾಕುತ್ತಾರೆ. ಹೊಗೆಯಲ್ಲಿ ಒಣಗಿಸಿದ, ಕಪ್ಪು ತೊಗಲಿನಂಥ ಹುಳಿ ಹಣ್ಣು. ಅಮ್ಮ ಮೂಸಿ ನೋಡಿ, "ಇದು ನಮ್ಮ ಪುನರ್ಪುಳಿಯ ದಾಯಾದಿ" ಎಂದು ತೀರ್ಪು ಕೊಟ್ಟಳು. ತಿಂಗಳು ಕಳೆಯುವುದರೊಳಗೆ ಅವಳ ಸಾರಿನಲ್ಲಿ ಅದರದ್ದೇ ವಾಸನೆ.

ನಾನು ಕಚೇರಿಯಲ್ಲಿ ಬಾಯಿ ಮುಚ್ಚಿ ಕೂತಿದ್ದಾಗ ಅಮ್ಮ ಪಟ್ಟಣವನ್ನೇ ಕಲಿತುಬಿಟ್ಟಳು. ಮಧ್ಯಾಹ್ನದ ಬೋಟಿಗೆ ನನಗೆ ಬಿಸಿ ಊಟ ತರುವುದು ಎಂದು ಶುರುಮಾಡಿದಳು. ಆಗ ಎರ್ನಾಕುಲಂನ ಜೆಟ್ಟಿಯಲ್ಲಿ ಬೋಟಿನಿಂದ ಇಳಿದರೆ ಎದುರಿಗೇ ಬಸ್ಸುಗಳು ಸಾಲಾಗಿ ನಿಂತಿರುತ್ತಿದ್ದವು. ದೊಡ್ಡ ಮಳೆಮರಗಳ ನೆರಳು. ನೆರಳು ಮುಗಿಯುವ ಮೊದಲೇ ಬಸ್ಸಿನ ಮೆಟ್ಟಿಲು. ಕಂಡಕ್ಟರು "ಅಮ್ಮೇ, ಹತ್ತಿ" ಎಂದು ಟಿಫಿನ್ ಕ್ಯಾರಿಯರ್ ಹಿಡಿದುಕೊಳ್ಳುತ್ತಿದ್ದ. ಕಚೇರಿಯ ಹಿಂದಿನ ಜಗಲಿಯಲ್ಲಿ ನಾವಿಬ್ಬರೂ ಕೂತು ಉಣ್ಣುತ್ತಿದ್ದೆವು. ಆಮೇಲೆ ಅವಳು ಮಾರ್ಕೆಟ್ಟು ಸುತ್ತಿ, ತುಳುವಿನಲ್ಲೇ ಚೌಕಾಸಿ ಮಾಡಿ, ಸಂಜೆಯ ಮೊದಲು ಮನೆ ಸೇರುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ದಾರ, ಗುಂಡಿ, ಕೆಮ್ಮಿನ ಔಷಧ ಎಂದು ಅವಳ ಹತ್ತಿರ ಹೇಳಿಕಳಿಸುವಂತಾಯಿತು. ಕುಂಬಳೆಯಲ್ಲಿ ಅವಳು ಮಾಸ್ತರ ಹೆಂಡತಿ. ಇಲ್ಲಿ ಯಾರ ಹೆಂಡತಿಯೂ ಅಲ್ಲದೆ, ಎಲ್ಲರಿಗೂ ಬೇಕಾದವಳಾದಳು.

ಒಂದು ವರ್ಷ ಹೀಗೆ ನಡೆಯಿತು.

ಜೆಟ್ಟಿಯ ಮುಂದೆ ಬಸ್ಸುಗಳು ಮುತ್ತಿಕೊಳ್ಳುವುದರಿಂದ ಕಾರುಗಳಿಗೆ ದಾರಿ ಸಿಗುವುದಿಲ್ಲ ಎಂಬ ದೂರು ಮೊದಲಿನಿಂದ ಇತ್ತು. ಅದಕ್ಕೆ ಪರಿಹಾರ ಎಂದು ಬಸ್ಸುಗಳನ್ನು ಒಳಗಿನ ಒಂದು ಮೈದಾನಕ್ಕೆ ಕಳಿಸಿದರು. ಮರ ಕಡಿದು ರಸ್ತೆ ಅಗಲ ಮಾಡಿದರು. ಬೋಟಿನಿಂದ ಇಳಿದವರು ಕಂಡಲ್ಲಿ ನುಗ್ಗದಂತೆ ಕಬ್ಬಿಣದ ಕಂಬಿ ಹಾಕಿ, ನಡುವೆ ಒಂದೇ ಕಡೆ ಸಂದಿ ಬಿಟ್ಟರು. ಮರಗಳಿದ್ದ ಜಾಗದಲ್ಲಿ ಕಾರು ನಿಲ್ಲಿಸಲು ಗೆರೆ ಎಳೆದರು. ಸದ್ಯ ಇದು ಪರೀಕ್ಷೆಗೆ, ಸರಿಹೋದರೆ ಕಾಯಂ. ಕಾಯಂ ಮಾಡುವ ನಕ್ಷೆ ನನ್ನ ಮೇಜಿಗೆ ಬಂತು. ನಮ್ಮ ಕಚೇರಿಗೆ ಬರುವ ಎಷ್ಟೋ ಹಾಳೆಗಳಲ್ಲಿ ಅದೂ ಒಂದು ಎಂದುಕೊಂಡೆ.

ಅದೇ ಸುಮಾರಿಗೆ ಅಮ್ಮ ಊಟ ತರುವುದು ನಿಂತಿತು. "ಮೊಣಕಾಲು ನೋವು" ಎಂದಳು. ಎಣ್ಣೆ ತಿಕ್ಕಿದೆ, ಡಾಕ್ಟರಿಗೆ ತೋರಿಸಿದೆ. ಡಾಕ್ಟರು ಕಾಲು ಮಡಚಿ ಬಿಡಿಸಿ, ಏನೂ ಇಲ್ಲವಲ್ಲ ಎಂದರು. ಅಮ್ಮ ಅಂಗಳ ಬಿಟ್ಟು ಕದಲುತ್ತಿರಲಿಲ್ಲ. ಒಂದು ಸಂಜೆ ಅಕ್ಕಿ ಆರಿಸುತ್ತಾ ತಲೆ ಎತ್ತದೆ ಹೇಳಿದಳು: "ನಾನು ಊರಿಗೆ ಹೋಗಿಬಿಡ್ಲಾ ಅಂತ."

"ಎಷ್ಟು ದಿನಕ್ಕೆ?"

"ದಿನಕ್ಕೆ ಅಲ್ಲ ಮಗಾ. ಅಕ್ಕನೂ ಒಬ್ಬಳೇ ಇರುದು."

ಅವಳು ಹೋದರೆ ನಾನೊಬ್ಬಳೇ ಇಲ್ಲಿರಲು ದೊಡ್ಡಮ್ಮ ಬಿಡುವುದಿಲ್ಲ. ಕೆಲಸ ಬಿಟ್ಟರೆ ಇನ್ನೊಂದು ಕರೆ ಬರುವ ಭರವಸೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನೇನು ತಪ್ಪು ಮಾಡಿದೆ, ಅಮ್ಮನಿಗೆ ಏನು ಬೇಸರವಾಯಿತು ಎಂದು ಕೊರೆಯತೊಡಗಿತು. ಬೋಟಿನಲ್ಲಿ ಕೂತರೂ ಅದೇ ಯೋಚನೆ, ನಕ್ಷೆಯ ಮೇಲೆ ಬಗ್ಗಿದರೂ ಅದೇ.

ನಿಜ ಹೇಳಿದವಳು ತ್ರೇಸ್ಯಾ ಚೇಡತ್ತಿ. ಬಾವಿಕಟ್ಟೆಯಲ್ಲಿ ಕೊಡ ಇಳಿಸಿ, ಅಮ್ಮ ಒಳಗಿದ್ದಾಳೆಯೇ ಎಂದು ನೋಡಿ, ಮೆಲ್ಲಗೆ ಹೇಳಿದಳು: "ಅಮ್ಮನಿಗೆ ಕಾಲಿನ ತೊಂದರೆ ಅಲ್ಲ ಮಗಳೇ. ಪೇಡಿ."

ಪೇಡಿ ಎಂದರೆ ಮಲಯಾಳದಲ್ಲಿ ಹೆದರಿಕೆ. ನಮ್ಮ ‘ಹೇಡಿ’ ಅದರ ನೆಂಟನೇ ಇರಬೇಕು. ಆದರೆ ಅಮ್ಮ ಹೇಡಿಯಲ್ಲ. ಹೊಳೆ ಏರಿದ ಆಟಿ ತಿಂಗಳಲ್ಲಿ ದೋಣಿ ಹತ್ತಿದವಳು.

ಅಮ್ಮ ಕೊನೆಯ ಸಲ ಊಟ ತರಲು ಹೊರಟ ದಿನ ಚೇಡತ್ತಿಯೂ ಅದೇ ಬೋಟಿನಲ್ಲಿದ್ದಳಂತೆ. ಅಮ್ಮ ಕಂಬಿಯ ಸಂದಿಯಿಂದ ರಸ್ತೆಗೆ ಇಳಿದು, ಅರ್ಧ ದಾಟುವಷ್ಟರಲ್ಲಿ ಎರಡೂ ಕಡೆಯಿಂದ ಕಾರು ಬಂದು, ಹಾರ್ನ್ ಹೊಡೆದು, ಯಾರೋ ಕಿಟಕಿಯಿಂದ ಬೈದು, ಕ್ಯಾರಿಯರ್ ಕೈಯಿಂದ ಜಾರಿ ಅನ್ನವೆಲ್ಲ ಡಾಮರಿನ ಮೇಲೆ ಚೆಲ್ಲಿತಂತೆ. "ನಾನು ಓಡಿ ಕೈ ಹಿಡಿದು ಹಿಂದೆ ಕರೆತಂದೆ. ಮಗಳಿಗೆ ಹೇಳಬೇಡ ಅಂತ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಳು. ಆಣೆ ಮುರಿದೆ, ಕರ್ತಾವು ಕ್ಷಮಿಸಲಿ."

ಆ ರಸ್ತೆಯನ್ನು ನಾನೂ ದಿನಾ ದಾಟುತ್ತಿದ್ದೆ. ಬೋಟು ದಡ ಮುಟ್ಟಿದ ಕೂಡಲೆ ಎಲ್ಲರ ಜೊತೆ ಓಡುತ್ತಿದ್ದೆ. ಓಡುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರೂ ಓಡಿದ ಮೇಲೆ ಉಳಿದು, ಅಮ್ಮನ ನಡಿಗೆಯಲ್ಲಿ ಸಂದಿಯಿಂದ ಇಳಿದೆ. ನಡುವೆ ಸಿಕ್ಕಿಬಿದ್ದೆ. ಒಂದು ಕಾರು ಬಿಟ್ಟರೆ ಇನ್ನೊಂದು. ಸೀರೆಯ ಅಂಚಿಗೆ ಗಾಳಿ ಬಡಿಯುವಷ್ಟು ಹತ್ತಿರದಿಂದ ಒಂದು ಹೋಯಿತು. ನೆರಳಿಲ್ಲ, ಹಿಡಿಯಲು ಒಂದು ಕಂಬವಿಲ್ಲ. ನನ್ನ ವಯಸ್ಸಿನಲ್ಲೂ ಹಿಂದೆ ಸರಿಯಬೇಕೋ ಮುಂದೆ ಓಡಬೇಕೋ ತಿಳಿಯಲಿಲ್ಲ. ದಾಟಿದ ಮೇಲೆ ಮೈದಾನದ ಬಸ್ಸಿಗೆ ಬಿಸಿಲಿನಲ್ಲಿ ಇನ್ನೂ ನಡೆಯಬೇಕಿತ್ತು. ಮೀನುಬುಟ್ಟಿ ಹೊತ್ತ ಹೆಂಗಸರು, ಕೈಮಗು ಎತ್ತಿಕೊಂಡವರು, ಆಸ್ಪತ್ರೆಗೆ ಹೊರಟ ಮುದುಕರು, ಎಲ್ಲರೂ ನಡೆಯುತ್ತಿದ್ದರು.

ಆ ವಾರ ಊಟದ ಬಿಡುವಿನಲ್ಲಿ ಬೇರೊಂದು ಹಾಳೆ ಹಾಸಿ ಜೆಟ್ಟಿಯ ಮುಂಭಾಗವನ್ನು ಇನ್ನೊಮ್ಮೆ ಬರೆದೆ. ಬಸ್ಸುಗಳು ಮೊದಲಿನ ಜಾಗಕ್ಕೆ, ಆದರೆ ಒಂದೇ ಮಗ್ಗುಲಲ್ಲಿ ಸಾಲಾಗಿ. ದಾಟುವಲ್ಲಿ ರಸ್ತೆ ಕಿರಿದು, ಕಾರು ತಾನಾಗಿಯೇ ನಿಧಾನ ಮಾಡುವಂತೆ. ಬೋಟಿನ ಹಲಗೆಯಿಂದ ಬಸ್ಸಿನ ಮೆಟ್ಟಿಲಿನವರೆಗೆ ಒಂದೇ ಮಟ್ಟದ ಅಗಲವಾದ ಕಾಲುದಾರಿ, ಎರಡು ಸಾಲು ಮರ. ಕಾರು ನಿಲ್ಲುವ ಜಾಗ ಹಿಂದಕ್ಕೆ. ಲೀಲಾ ಚೇಚಿ ಬಗ್ಗಿ ನೋಡಿ, "ಚೆನ್ನಾಗಿದೆ. ಮಡಚಿ ಒಳಗಿಡು. ನಿನ್ನ ನೇಮಕದ ಆರ್ಡರ್ ಮುಗಿಯಲು ಬಂತು, ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು? ಆದರೂ ಕುರುಪ್ ಸಾರ್ ಕೋಣೆಗೆ ಹಾಳೆ ಹಿಡಿದು ಹೋದೆ. ಅವರು ಕೆಟ್ಟವರಲ್ಲ. ಕನ್ನಡಕ ಏರಿಸಿ ಪೂರ್ತಿ ನೋಡಿದರು.

"ವಾರಿಜ, ಇನ್ನು ಕೆಲವು ವರ್ಷದಲ್ಲಿ ಎಲ್ಲರ ಮನೆಯಲ್ಲೂ ಕಾರು ಇರುತ್ತದೆ. ಆಗ ರಸ್ತೆ ಯಾಕೆ ಅಗಲ ಮಾಡಲಿಲ್ಲ ಅಂತ ಜನ ನಮ್ಮನ್ನೇ ಬೈಯುತ್ತಾರೆ."

ಇಂಗ್ಲಿಷಿನಲ್ಲಿ ಸಿದ್ಧ ಮಾಡಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. ಕುಂಬಳೆಯ ಮಲಯಾಳವೇ ಬಾಯಿಗೆ ಬಂತು. "ಬೋಟಿನಿಂದ ಕಾರು ಇಳಿಯುವುದಿಲ್ಲ ಸಾರ್, ಜನ ಇಳಿಯುವುದು. ಇವತ್ತು ರಸ್ತೆ ದಾಟಲು ಆಗದವರು ಆ ಕಾರಣಕ್ಕೇ ನಾಳೆ ಕಾರು ಕೊಳ್ಳಬೇಕಾದೀತು. ಕೊಳ್ಳಲಾಗದವರು ಮನೆಯಲ್ಲಿ ಕೂರುತ್ತಾರೆ."

"ಯಾರು ಕೂತಿದ್ದಾರೆ?"

"ನನ್ನ ಅಮ್ಮ."

ಅವರು ಕನ್ನಡಕ ಇಳಿಸಿದರು. "ಸರಿ. ಅಮ್ಮನನ್ನು ಒಂದು ದಿನ ಜೆಟ್ಟಿಗೆ ಕರೆದುಕೊಂಡು ಬಾ. ನಾನೂ ಬರುತ್ತೇನೆ, ನೋಡೋಣ."

ಗೆದ್ದೆ ಎಂದುಕೊಂಡು ಮನೆಗೆ ಓಡಿದೆ. ಚೇಡತ್ತಿ ನನಗೆ ಹೇಳಿಬಿಟ್ಟಳೆಂದು ತಿಳಿದು ಅಮ್ಮನಿಗೆ ಮೊದಲು ಮುಖ ಸಣ್ಣದಾಯಿತು. ಉಳಿದದ್ದನ್ನು ಕೇಳಿ ಸಿಟ್ಟು ನೆತ್ತಿಗೇರಿತು.

"ನಾನೆಂತ ಸರ್ಕಸ್ಸಿನ ಆನೆಯಾ? ನಿನ್ನ ದೊಡ್ಡ ಮನುಷ್ಯನ ಎದುರು ನಾನು ಹೆದರಿ ತೋರಿಸ್ಬೇಕಾ?"

"ಹಾಗಲ್ಲ ಅಮ್ಮ..."

"ಹಾಗೇ. ಬೇಕಾದ್ರೆ ಊರಿಗೆ ಹೋಗ್ತೇನೆ. ಇದು ಮಾತ್ರ ಆಗುದಿಲ್ಲ."

ಅವಳು ಹೇಳಿದ್ದು ಸರಿ ಎಂದು ನನಗೂ ಅನ್ನಿಸಿತು. ಮತ್ತೆ ಒತ್ತಾಯಿಸಲಿಲ್ಲ. ಅಮ್ಮ ಬರುವುದಿಲ್ಲ ಸಾರ್ ಎಂದು ಹೇಳಿದೆ. ಅವರು ತಲೆಯಾಡಿಸಿ ನನ್ನ ಹಾಳೆಯನ್ನು ಬದಿಗಿಟ್ಟರು. ಮೊದಲಿನ ನಕ್ಷೆಯ ಕೆಲಸ ಮುಂದುವರಿಯಿತು. ನನ್ನ ಆರ್ಡರ್ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಕೇಳಲು ನನಗೆ ಧೈರ್ಯವಾಗಲಿಲ್ಲ. ಅಮ್ಮ ಕಟ್ಟಿಕೊಟ್ಟ ತಣ್ಣಗಿನ ಬುತ್ತಿ ಎಷ್ಟೋ ದಿನ ಅರ್ಧ ಉಳಿದು ಮನೆಗೆ ಮರಳುತ್ತಿತ್ತು.

ಕಾಯಂ ನಕ್ಷೆಗೆ ಕೊನೆಯ ಅಳತೆ ತೆಗೆಯಲು ಒಂದು ದಿನ ಕುರುಪ್ ಸಾರ್, ನಾನು, ಲೀಲಾ ಚೇಚಿ ಜೆಟ್ಟಿಯ ಎದುರಿಗೆ ಟೇಪು ಹಿಡಿದು ನಿಂತಿದ್ದೆವು. ಮಧ್ಯಾಹ್ನದ ಬೋಟು ಬಂತು. ಜನ ಸಂದಿಯಿಂದ ನುಗ್ಗಿ ರಸ್ತೆ ದಾಟಿ ಓಡಿದರು. ಎಲ್ಲರೂ ಹೋದ ಮೇಲೆ ಕಂಬಿಯ ಪಕ್ಕ ಒಬ್ಬಳೇ ಉಳಿದಳು. ನೀಲಿ ಸೀರೆ, ಕೈಯಲ್ಲಿ ಟಿಫಿನ್ ಕ್ಯಾರಿಯರ್.

ಅಮ್ಮ ನಮ್ಮನ್ನು ನೋಡಿರಲಿಲ್ಲ. ಒಂದು ಹೆಜ್ಜೆ ಇಳಿಯುತ್ತಾಳೆ, ಹಿಂದೆ ಸರಿಯುತ್ತಾಳೆ. ಮತ್ತೆ ಇಳಿಯುತ್ತಾಳೆ. ಕೂಗಿದರೆ ಬೆಚ್ಚಿ ನಿಂತುಬಿಟ್ಟರೆ? ಕ್ಯಾರಿಯರನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ಹೊರಟೇಬಿಟ್ಟಳು. ನಡುವೆ ಬಂದು ನಿಂತಳು. ಹಾರ್ನ್ ಶುರುವಾಯಿತು. ನಾನು ಟೇಪು ಬಿಸಾಡಿ ಓಡಿದೆ. ಆದರೆ ಹತ್ತಿರವಿದ್ದ ಕುರುಪ್ ಸಾರ್ ಆಗಲೇ ರಸ್ತೆಗೆ ಇಳಿದು, ಒಂದು ಕೈ ಎತ್ತಿ ಕಾರುಗಳನ್ನು ತಡೆದು, ಇನ್ನೊಂದು ಕೈ ಅವಳಿಗೆ ಚಾಚಿದ್ದರು. ಅಮ್ಮ ಅವರ ಅಂಗಿಯ ತೋಳು ಹಿಡಿದ ಹಿಡಿತಕ್ಕೆ ಬಟ್ಟೆ ಮುದ್ದೆಯಾಗಿತ್ತು. ಈಚೆ ಬಂದರೂ ಬಿಡಲಿಲ್ಲ. ಅವರು ಯಾರೆಂದು ಅವಳಿಗೆ ಗೊತ್ತಿಲ್ಲ. ಏದುಸಿರು ಬಿಡುತ್ತಲೇ ಕನ್ನಡದಲ್ಲಿ ಶುರುಮಾಡಿದಳು:

"ಎಂಥಾ ರಸ್ತೆ ಮಾಡಿಟ್ಟಿದ್ದಾರೆ ಮಾರಾಯ್ರೆ! ಇದನ್ನು ಮಾಡಿದವರಿಗೆ ಅಮ್ಮ ಇಲ್ವಾ?"

ಸಾರ್ ನನ್ನ ಕಡೆ ತಿರುಗಿದರು. "ಅಮ್ಮ ಏನು ಹೇಳಿದರು?"

ಸುಳ್ಳು ಹೇಳಬಹುದಿತ್ತು. ಲೀಲಾ ಚೇಚಿ ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದಳು. ನಾನು ನೆಲ ನೋಡುತ್ತಾ ಒಂದಕ್ಷರ ಬಿಡದೆ ಮಲಯಾಳಕ್ಕೆ ತಿರುಗಿಸಿದೆ.

ಅವರು ತೋಳು ಬಿಡಿಸಿಕೊಳ್ಳಲಿಲ್ಲ. "ಇದ್ದಾರೆ ಎಂದು ಹೇಳು. ಆಲಪ್ಪುಳದಲ್ಲಿದ್ದಾರೆ" ಎಂದರು. ಕಂಬಿಯ ಸಂದಿಯ ಕಡೆ ನೋಡಿ, "ಬಸ್ಸಿನಲ್ಲೇ ಓಡಾಡುತ್ತಾರೆ" ಎಂದರು.

ಅಮ್ಮ ಅಷ್ಟಕ್ಕೆ ಬಿಡಲಿಲ್ಲ. ನನ್ನನ್ನು ನೋಡಿ, "ನೀನು ಇಲ್ಲೇ ಇದ್ದೀಯಾ? ಆಫೀಸಿಗೆ ಹೋಗುದು ತಪ್ಪಿತು. ಬಾ, ಬಿಸಿ ಇರುವಾಗಲೇ ಉಣ್ಣು. ದಿನಾ ಅರ್ಧ ಬಿಟ್ಟು ತರ್ತೀ" ಎಂದಳು. ಅದಕ್ಕೇ ಬಂದದ್ದಂತೆ. ಆ ದಿನ ಜೆಟ್ಟಿಯ ಟಿಕೆಟ್ ಕೊಡುವ ಕೋಣೆಯ ನೆರಳಿನಲ್ಲಿ ಕೂತು ಉಂಡೆವು. ಅಮ್ಮ ಸಾರ್‌ಗೂ ಮುಚ್ಚಳದಲ್ಲಿ ಒಂದು ತುಂಡು ಮೀನು ಹಾಕಿ ಕೊಟ್ಟಳು. ಅವರು ನಿಂತೇ ತಿಂದರು.

ಆಮೇಲೆ ಏನೋ ದೊಡ್ಡ ಬದಲಾವಣೆಯಾಯಿತು ಎಂದರೆ ಸುಳ್ಳಾಗುತ್ತದೆ. ಕುರುಪ್ ಸಾರ್ ನನ್ನನ್ನು ಹೊಗಳಲಿಲ್ಲ. ಕೆಲವು ದಿನ ಕಳೆದು ಆ ಬದಿಗಿಟ್ಟ ಹಾಳೆ ಕೇಳಿದರು. ತಮ್ಮದೇ ಪೆನ್ಸಿಲಿನಿಂದ ಅದರಲ್ಲಿ ಅರ್ಧ ಹೊಡೆದುಹಾಕಿದರು. ಉಳಿದರ್ಧಕ್ಕಾಗಿ ಮೇಲಿನವರ ಜೊತೆ ಎಷ್ಟೋ ಸಭೆಗಳಲ್ಲಿ ವಾದ ಮಾಡಿದರು. ಕೊನೆಗೆ ಬಸ್ಸುಗಳು ಜೆಟ್ಟಿಯ ಒಂದು ಮಗ್ಗುಲಿಗೆ ಮರಳಿದವು. ದಾಟುವಲ್ಲಿ ರಸ್ತೆ ಕಿರಿದಾಯಿತು, ಒಬ್ಬ ಪೊಲೀಸ್ ನಿಂತ. ಕಾರಿನ ಜಾಗ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಮರಗಳ ಸಾಲು ನಕ್ಷೆಯಲ್ಲೇ ಉಳಿಯಿತು. ನೆಟ್ಟ ನಾಲ್ಕಾರು ಸಸಿಗಳನ್ನು ಆಡು ತಿಂದವು. ಅಮ್ಮ ಮಾತ್ರ ಮತ್ತೆ ಮಧ್ಯಾಹ್ನದ ಬೋಟು ಹತ್ತಿದಳು. ಊರಿಗೆ ಹೋಗುವ ಮಾತು ಎತ್ತಲಿಲ್ಲ.

ನನ್ನ ಆರ್ಡರ್ ಮುಂದುವರಿಯಿತು. ಮುಂದೆ ಪರೀಕ್ಷೆ ಬರೆದು ಕೆಲಸ ಕಾಯಂ ಆಯಿತು. ಅದರ ಜೊತೆಗೇ ತಿರುವನಂತಪುರಕ್ಕೆ ವರ್ಗವೂ ಬಂತು. ಬೋಟಿನಲ್ಲಿ ಸಾಮಾನು ಏರಿಸುವಾಗ ತ್ರೇಸ್ಯಾ ಚೇಡತ್ತಿ ಅತ್ತಳು. ಅಮ್ಮ ಅಳಲಿಲ್ಲ. ದಡ ದೂರವಾಗುವವರೆಗೂ ಅವಳಿಗೆ ಬೈಯುತ್ತಿದ್ದಳು, "ಗಾಳಿಗೆ ನಿಲ್ಬೇಡ, ಒಳಗೆ ಹೋಗು" ಎಂದು, ಮಲಯಾಳದಲ್ಲಿ.

ಈಗ ನಾವು ತಂಪಾನೂರಿನ ಹಿಂದಿನ ಒಂದು ಬೀದಿಯಲ್ಲಿದ್ದೇವೆ. ಇಲ್ಲಿ ರೈಲು ನಿಲ್ದಾಣ, ಬಸ್ ಸ್ಟ್ಯಾಂಡು ಎದುರುಬದುರು. ಕಡಲಿನ ಪಟ್ಟಣ ಎನ್ನುತ್ತಾರೆ, ಆದರೆ ಎಲ್ಲಿ ನಡೆದರೂ ಏರು ಇಳಿವು. ಚಾಲೈ ಬೀದಿಯಲ್ಲಿ ಎತ್ತಿನ ಗಾಡಿ, ಕೂಲಿಗಳು, ತಲೆಹೊರೆಯ ನಡುವೆ ಅಮ್ಮ ನಿರ್ಭಯವಾಗಿ ನುಗ್ಗುತ್ತಾಳೆ. ಅಲ್ಲಿ ಕಾರು ನುಗ್ಗಲು ಜಾಗವಿಲ್ಲ. ಆ ಬೀದಿಯನ್ನೂ ಅಗಲ ಮಾಡಬೇಕೆಂಬ ಮಾತು ನಮ್ಮ ಕಚೇರಿಯಲ್ಲಿ ಆಗಾಗ ಏಳುತ್ತದೆ. ಅದು ಎದ್ದ ದಿನ ನನಗೆ ನಿದ್ದೆ ಬರುವುದಿಲ್ಲ. ಈ ಊರಿನಲ್ಲಿ ಬೋಟಿಲ್ಲ ಎಂಬುದು ಅಮ್ಮನ ದೊಡ್ಡ ದೂರು. ಕುಂಬಳೆಯ ಬಗ್ಗೆ ಅವಳು ಈಗ ಅಷ್ಟು ಹೇಳುವುದಿಲ್ಲ. ವೈಪಿನಿನ ಬಗ್ಗೆ ಹೇಳುತ್ತಾಳೆ.

ಕಳೆದ ಬೇಸಿಗೆಯಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆವು. ದೊಡ್ಡಮ್ಮ ನೀರು ಬೆಲ್ಲ ಕೊಡುವ ಮೊದಲೇ ಸುದ್ದಿ ಹೇಳಿದರು. ಮುಖ್ಯರಸ್ತೆ ಅಗಲ ಮಾಡುತ್ತಾರಂತೆ. ಬಸ್ಸು ಕಾಯುವ ಅಶ್ವತ್ಥದ ಕಟ್ಟೆ ತೆಗೆಯುತ್ತಾರಂತೆ. ನಿಲ್ದಾಣ ಎಲ್ಲೋ ದೂರ ಹೋಗುತ್ತದಂತೆ.

"ನಿಮ್ಮವರೇ ಮಾಡುದಲ್ವಾ ಇದೆಲ್ಲ?" ಎಂದರು ನನ್ನನ್ನೇ ನೋಡಿ. "ತೆಂಕಿನವರು."

ನಾನು ಉತ್ತರಿಸುವ ಮೊದಲೇ ಅಮ್ಮ ಹೇಳಿದಳು: "ಇವಳು ಒಂದು ಅರ್ಜಿ ಬರೆದ್ರೆ ನಮ್ಮವರು ಕೇಳ್ತಾರೆ ಅಕ್ಕ. ನೀನು ಹೆದರ್ಬೇಡ."

ಆ ರಸ್ತೆ ಬೇರೆ ಇಲಾಖೆಯದು, ಯಾರೂ ನನ್ನನ್ನು ಕೇಳಿಲ್ಲ, ಕೇಳುವುದೂ ಇಲ್ಲ ಎಂದು ಹೇಗೆ ಹೇಳಲಿ? ಸಂಜೆ ಜಗಲಿಯಲ್ಲಿ ನಾಲ್ಕು ಮನೆಯವರು ಸೇರಿದರು. ಅವರಿಗೆ ಓದಿ ಹೇಳಿ ಸಹಿ ಹಾಕಿಸಲು ಮೊದಲು ಕನ್ನಡದಲ್ಲಿ ಬರೆದೆ: ನಮ್ಮ ಕಟ್ಟೆಯನ್ನು ಉಳಿಸಿ, ನಮ್ಮ ಬಸ್ಸು ನಿಲ್ಲುವ ಜಾಗವನ್ನು ಬದಲಿಸಬೇಡಿ. ಸಲೀಸಾಗಿ ಬಂತು. ಆಮೇಲೆ ಕಚೇರಿಗೆ ಕಳಿಸಲು ಅದನ್ನೇ ಮಲಯಾಳದಲ್ಲಿ ಬರೆಯಲು ಕೂತೆ. ಮಲಯಾಳದಲ್ಲಿ ‘ನಮ್ಮ’ ಎನ್ನಲು ಎರಡು ಮಾತುಗಳಿವೆ. ‘ನಮ್ಮುಡೆ’ ಎಂದರೆ ನಿನ್ನದೂ ನನ್ನದೂ ಸೇರಿ. ‘ಞಙ್ಙಳುಡೆ’ ಎಂದರೆ ನಮ್ಮದು ಮಾತ್ರ, ನಿಮ್ಮದಲ್ಲ. ತುಳುವಿನಲ್ಲೂ ಈ ಭೇದ ಉಂಟು. ಕನ್ನಡ ಮಾತ್ರ ಏನೂ ಕೇಳದೆ ಎರಡಕ್ಕೂ ‘ನಮ್ಮ’ ಎಂದುಬಿಡುತ್ತದೆ.

ಊರಿನವರು ಕಚೇರಿಗೆ ಬರೆಯು‌ವಾಗ ‘ಞಙ್ಙಳುಡೆ’ ಎಂದೇ ಬರೆಯಬೇಕು. ಅಕ್ಷರ ಕೈಗೆ ಬರಲಿಲ್ಲ. ಕಚೇರಿಯಲ್ಲಿ ಕೂತು ಇಂಥ ಅರ್ಜಿಗಳನ್ನು ಬಿಚ್ಚಿ ಓದುವವಳೂ ನಾನೇ; ಆ ‘ನಿಮ್ಮದಲ್ಲ’ದಲ್ಲಿ ನಾನೂ ಸೇರುತ್ತೇನೆ. ಪೆನ್ನಿನ ತುದಿ ಕಾಗದದ ಮೇಲೆ ಹಾಗೇ ನಿಂತಿತು. ಸುತ್ತ ಕೂತವರು ಬಗ್ಗಿ ನೋಡಿದರು.

"ಎಂತ ಆಯ್ತು, ಮಲಯಾಳ ಮರೆತುಹೋಯ್ತಾ?" ಎಂದು ದೊಡ್ಡಮ್ಮ ಕೇಳಿದರು.

"ಇಲ್ಲ ದೊಡ್ಡಮ್ಮ" ಎಂದೆ. ಶಾಯಿ ಹರಡುತ್ತಿತ್ತು.